ತಿಥಿ ನೋಡಿ ದ್ವೀಪಕ್ಕೆ ಹೊರಡಿ

ಕಡಲ ದ್ವೀಪಗಳಲ್ಲಿ ಕಾಲ್ನಡಿಗೆ, ಅಲ್ಲಿನ ಹಕ್ಕಿ-ಪ್ರಾಣಿಗಳ ಬಗ್ಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ಹೆಚ್ಚಿನ ಪತ್ರಗಳಲ್ಲಿ ದಾರಿ, ಊಟ, ಕ್ಯಾಮೆರಾದ ವಿಚಾರ. ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಕೇಳಿದವರು ಒಬ್ಬರೇ. ಬಯಲುಸೀಮೆಯಿಂದ ಹೋಗುವವರು ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಆ ಉತ್ತರ ಉದ್ದವಾಗಿದೆ.

ಪ್ರಶ್ನೆ: ನಾವು ಐದಾರು ಮಂದಿ ಗೆಳೆಯರು ಜನವರಿ ತಿಂಗಳಾಗ ಕರಾವಳಿಗೆ ಹೋಗೋರಿದ್ದೀವಿ. ದ್ವೀಪದೊಳಗ ನಡೆದಾಡಿ ನೋಡುವಂಥ ಜಾಗ ಯಾವುವು ಅದಾವು?
— ಓದುಗರು, ಕೊಪ್ಪಳ

ಹೆಸರು ಕೇಳಿದ ದ್ವೀಪಗಳಿಗೆಲ್ಲ ಕಾಲಿಡಲು ಆಗುವುದಿಲ್ಲ. ಕಾರವಾರದ ಹತ್ತಿರದ ಅಂಜದೀವ ನೌಕಾಪಡೆಯ ಸ್ವಾಧೀನದಲ್ಲಿದೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ದೋಣಿಗಳು ಹೋಗುತ್ತವೆ, ಆದರೆ ಅವು ಹೋಗುವುದು ಸ್ಕೂಬಾ ಡೈವಿಂಗ್‌ಗೆ. ಸುತ್ತ ಕಡಿದಾದ ಬಂಡೆ, ಇಳಿಯಲು ಕಟ್ಟೆಯಿಲ್ಲ. ನೌಕಾಪಡೆ ಹಿಂದೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸಿತ್ತು. ನೇತ್ರಾಣಿ ಹತ್ತುವ ಯೋಚನೆ ಕೈಬಿಡಿ. ಕಡಲ ಹದ್ದು ಗೂಡು ಕಟ್ಟುವ ಜಾಗ ಅದು, ಜನ ಹೋಗದಿದ್ದರೆ ಅದಕ್ಕೂ ಒಳ್ಳೆಯದು.

ನಡೆಯಬಹುದಾದವು ಮೂರು. ಮೊದಲನೆಯದು ಮಲ್ಪೆ ಎದುರಿನ ಸೇಂಟ್ ಮೇರೀಸ್. ನಾಲ್ಕು ದ್ವೀಪಗಳ ಸಾಲು ಅದು. ಪ್ರವಾಸಿಗರನ್ನು ಇಳಿಸುವುದು ತೆಂಗಿನ ದ್ವೀಪದಲ್ಲಿ. ಉದ್ದ ಸುಮಾರು ಅರ್ಧ ಕಿ.ಮೀ., ಅಗಲ ನೂರು ಮೀಟರಿನ ಆಸುಪಾಸು. ಅವಸರದಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ, ನೋಡುತ್ತ ನಡೆದರೆ ಒಂದೂವರೆ ಗಂಟೆಯೂ ಸಾಲದು. ಎರಡನೆಯದು ಕಾರವಾರದ ಬಳಿ ಕಾಳಿ ನದಿ ಕಡಲು ಸೇರುವಲ್ಲಿರುವ ಕೂರ್ಮಗಡ. ಕಾಡಿನ ಇಳಿಜಾರು, ಮೇಲೆ ನರಸಿಂಹ ದೇವಸ್ಥಾನ. ಇಲ್ಲಿ ಇರುವುದು ಕಾಲಿನಿಂದ ಸವೆದ ದಾರಿಗಳು, ಕೈಮರ ಇಲ್ಲ. ಮರಳುವ ಹೊತ್ತನ್ನು ದೋಣಿಯವರ ಹತ್ತಿರ ಮೊದಲೇ ಗೊತ್ತು ಮಾಡಿಕೊಂಡೇ ಇಳಿಯಬೇಕು. ಮೂರನೆಯದು ಗೋವಾದ ಮಾಂಡೋವಿ ನದಿಯಲ್ಲಿರುವ ಚೋರಾವ್ ದ್ವೀಪ. ಅಲ್ಲಿಯ ಸಲೀಂ ಅಲಿ ಪಕ್ಷಿಧಾಮ 178 ಹೆಕ್ಟೇರ್ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರಗಳ ಕಾಡು. ಒಳಗೆ ನಡೆಯಲು ಕಟ್ಟಿದ ದಾರಿಯಿದೆ. ಮೂರರಲ್ಲಿ ದ್ವೀಪದ ನಿಸರ್ಗಧಾಮ ಎನ್ನಬಹುದಾದದ್ದು ಇದೇ, ಮತ್ತು ಕೊಪ್ಪಳದವರಿಗೆ ತಲುಪಲು ಸುಲಭ. ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಹಾದು ಮಡಗಾಂವ್ ಮೂಲಕ ವಾಸ್ಕೋಗೆ ಹೋಗುತ್ತದೆ. ಎಲ್ಲ ದಿನ ಇಲ್ಲ, ವಾರ ನೋಡಿ ಟಿಕೆಟ್ ಮಾಡಿಸಿ. ಮಡಗಾಂವ್‌ನಲ್ಲಿ ಇಳಿದು ಪಣಜಿಗೆ ಬಸ್, ಅಲ್ಲಿಂದ ರಿಬಂದರ್‌ಗೆ ಹೋಗಿ ಫೆರಿ ಹತ್ತಿದರೆ ಚೋರಾವ್. ಅದೇ ಮಡಗಾಂವ್‌ನಿಂದ ಕೊಂಕಣ ರೈಲಿನಲ್ಲಿ ಕಾರವಾರಕ್ಕೂ ಹೋಗಬಹುದು. ರಸ್ತೆಯಲ್ಲಾದರೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಈ ಘಟ್ಟವನ್ನು ಹಗಲಲ್ಲೇ ಇಳಿಯಿರಿ.

ನೀವು ಹೇಳಿದ ಜನವರಿಯಲ್ಲಿ ಒಂದು ದಿನ ಮಾತ್ರ ಕೂರ್ಮಗಡ ಬೇಡ. ಪುಷ್ಯ ಹುಣ್ಣಿಮೆಗೆ ಅಲ್ಲಿ ನರಸಿಂಹನ ಜಾತ್ರೆ. ನಮ್ಮ ಗವಿಮಠದ ತೇರಿಗೆ ಎರಡು ದಿನ ಮುಂಚೆ ಎಂದು ನೆನಪಿಟ್ಟುಕೊಳ್ಳಿ. ಆ ದಿನ ದೋಣಿಗಳ ಮೇಲೆ ಜನದ ಒತ್ತಡ ಬಹಳ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ ಹತ್ತಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. ದೇವರಿಗೆಂದೇ ಹೋಗುವವರು ಹೋಗಲಿ, ಆದರೆ ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬಾರದು. ಕಾಡು, ಹಕ್ಕಿ ನೋಡುವವರು ಬೇರೆ ದಿನ ಹೋಗಬೇಕು.

ಪ್ರಶ್ನೆ: ಸಮುದ್ರದ ನೀರು ಏರಿ ಇಳಿಯುತ್ತದೆ ಎಂದು ಓದಿದ್ದೇನೆ. ತುಂಗಭದ್ರೆಗೆ ಡ್ಯಾಮಿನಿಂದ ನೀರು ಬಿಟ್ಟರೆ ಡಂಗುರ ಸಾರುತ್ತಾರೆ. ಕಡಲಲ್ಲಿ ಯಾರು ಹೇಳುತ್ತಾರೆ? ನಾವೇ ಲೆಕ್ಕ ಹಾಕುವ ಬಗೆ ಇದೆಯೇ?
— ಓದುಗರು, ಸಿರುಗುಪ್ಪ

ಇದೆ. ಗೋಡೆಯ ಕ್ಯಾಲೆಂಡರಿನಲ್ಲೇ ಇದೆ. ಕಡಲಿನ ಉಬ್ಬರ-ಇಳಿತ ಚಂದ್ರನ ಸೆಳೆತದಿಂದ ಆಗುವುದರಿಂದ ತಿಥಿಯೇ ಅದರ ಗಡಿಯಾರ. ಕಾರವಾರದ ಕೊಂಕಣಿಯಲ್ಲಿ ಏರುವುದಕ್ಕೆ ಭರತಿ, ಇಳಿಯುವುದಕ್ಕೆ ಸುಕತಿ ಎನ್ನುತ್ತಾರೆ. ದೋಣಿಯವರ ಬಾಯಲ್ಲಿ ಈ ಎರಡು ಮಾತು ಕೇಳಿದರೆ ಕಿವಿಗೊಡಿ.

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಇಳಿತಕ್ಕೆ ಆರು ಗಂಟೆಗೆ ತುಸು ಹೆಚ್ಚು. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯಂದು ಕಾರವಾರದ ಕಡೆ ಹಗಲು 11ರ ಆಚೀಚೆ ಉಬ್ಬರ ಎಂದು ಹಿಡಿಯಿರಿ. ಸಂಜೆ 5ರ ಹೊತ್ತಿಗೆ ಇಳಿತ. ಅಲ್ಲಿಂದ ದಿನಕ್ಕೆ 50 ನಿಮಿಷ ಕೂಡಿಸುತ್ತ ಹೋದರೆ ಅಷ್ಟಮಿಗೆ ಉಬ್ಬರ ಸಂಜೆ 5ಕ್ಕೆ ಬರುತ್ತದೆ, ಇಳಿತ ಬೆಳಿಗ್ಗೆ 11ಕ್ಕೆ. ಅಂದರೆ ಶುಕ್ಲಪಕ್ಷವಿರಲಿ ಕೃಷ್ಣಪಕ್ಷವಿರಲಿ, ಅಷ್ಟಮಿಯಿಂದ ದ್ವಾದಶಿಯವರೆಗೆ ಇಳಿತ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರ ನಡುವೆ ಬೀಳುತ್ತದೆ. ಬಂಡೆಯ ದಂಡೆ ಸುತ್ತುವವರಿಗೆ, ಕಾಂಡ್ಲಾ ಕೆಸರಿನ ಜೀವಿಗಳನ್ನು ನೋಡುವವರಿಗೆ ಈ ಐದು ದಿನ ಅನುಕೂಲ. ಅದರಲ್ಲೂ ದಶಮಿ, ಏಕಾದಶಿ, ದ್ವಾದಶಿ ಹೆಚ್ಚು ಒಳ್ಳೆಯವು, ಏಕೆಂದರೆ ಅಷ್ಟಮಿ-ನವಮಿಯ ಹೊತ್ತಿಗೆ ಏರಿಳಿತದ ಅಂತರವೇ ಬಹಳ ಕಡಿಮೆ. ನೀರು ಪೂರ್ತಿ ಹಿಂದೆ ಸರಿಯುವುದಿಲ್ಲ.

ಈ ಲೆಕ್ಕದಲ್ಲಿ ಒಂದು ಗಂಟೆ ಹಿಂದುಮುಂದು ಆಗಬಹುದು. ಪ್ರವಾಸದ ದಿನ ಗೊತ್ತು ಮಾಡಲು ತಿಥಿ ಸಾಕು. ಹೋಗುವ ದಿನದ ಸರಿಯಾದ ಹೊತ್ತಿಗೆ ಉಬ್ಬರವಿಳಿತದ ಪಟ್ಟಿಯನ್ನೇ ನೋಡಬೇಕು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದನ್ನು ಕೊಡುತ್ತದೆ. ನೀವು ಕೇಳಿದ ಡಂಗುರ ಸಾರುವವರೂ ಅವರೇ: ಎತ್ತರದ ಅಲೆಗಳ ಎಚ್ಚರಿಕೆ ಅಲ್ಲಿಂದಲೇ ಹೊರಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆಗಳು ಇಲ್ಲಿಗೆ ಬಂದು ಬಡಿಯುವುದುಂಟು. ಕೇರಳದಲ್ಲಿ ಇದನ್ನು ಕಳ್ಳ ಕಡಲು ಎನ್ನುತ್ತಾರೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಆದರೂ ಅಲೆ ಏರುತ್ತದೆ. ಆಕಾಶ ನೋಡಿ ಕಡಲನ್ನು ಅಳೆಯಬೇಡಿ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದು ಮುಖ್ಯ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಐದಕ್ಕೆ ಎರಡು, ಆರಕ್ಕೆ ಒಂದು. ಕಾರವಾರದ ಕಡೆ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಉಬ್ಬರದ ಅಂತರ ಸುಮಾರು ಒಂದೂವರೆಯಿಂದ ಎರಡು ಮೀಟರ್. 1.8 ಮೀಟರ್ ಎಂದಿಟ್ಟುಕೊಂಡರೆ ಮೊದಲ ಗಂಟೆಯಲ್ಲಿ ಏರುವುದು 15 ಸೆಂ.ಮೀ., ಪಾದ ಮುಳುಗುವಷ್ಟು. ಎರಡನೆಯ ಗಂಟೆಗೆ ಒಟ್ಟು 45 ಸೆಂ.ಮೀ., ಮೊಣಕಾಲು. ಮೂರು ಗಂಟೆಗೆ 90 ಸೆಂ.ಮೀ., ಸೊಂಟ. ನಾಲ್ಕಕ್ಕೆ 135 ಸೆಂ.ಮೀ., ಎದೆಯ ಮೇಲೆ. ಮೊದಲ ಗಂಟೆಯ ನಿಧಾನ ನೋಡಿ ಇನ್ನೂ ಹೊತ್ತಿದೆ ಎಂದುಕೊಂಡವರು ಮೂರನೆಯ ಗಂಟೆಯಲ್ಲಿ ಸಿಕ್ಕಿಬೀಳುತ್ತಾರೆ.

ಸಿಕ್ಕಿಬೀಳುವುದು ಎದುರಿನ ನೀರಿಗಲ್ಲ, ಬೆನ್ನ ಹಿಂದಿನ ನೀರಿಗೆ. ಇಳಿತದಲ್ಲಿ ಒಣ ತಗ್ಗು ದಾಟಿ ಆಚೆಯ ಬಂಡೆ ಹತ್ತುತ್ತೀರಿ. ನೀರು ಮರಳುವಾಗ ಮೊದಲು ತುಂಬುವುದು ಆ ತಗ್ಗೇ. ನೀವು ನಿಂತ ಬಂಡೆ ಒಣಗಿಯೇ ಇರುತ್ತದೆ, ದಾರಿ ಮಾತ್ರ ಇರುವುದಿಲ್ಲ. ಆದ್ದರಿಂದ ಇಳಿತದ ಹೊತ್ತಿಗಿಂತ ಎರಡು ಗಂಟೆ ಮುಂಚೆ ಹೊರಟು, ಇಳಿತವಾದ ಒಂದು ಗಂಟೆಯೊಳಗೆ ಮೇಲಿನ ದಾರಿಗೆ ಬನ್ನಿ. ತಗ್ಗು ದಾಟುವ ಮೊದಲು ಅಂಚಿನಲ್ಲಿ ಒಂದು ಕಲ್ಲು ಗುರುತು ಮಾಡಿ. ನೀರು ಅದನ್ನು ಮುಟ್ಟಿದರೆ ಏನು ನೋಡುತ್ತಿದ್ದರೂ ಬಿಟ್ಟು ಮರಳಬೇಕು.

ಇನ್ನೊಂದು ಮಾತು. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ನೀರು ಕುಲುಕುತ್ತದೆ. ಹೋಗುವಾಗ ಸುಖವಾಗಿದ್ದ ದೋಣಿ ಬರುವಾಗ ಎತ್ತಿ ಎತ್ತಿ ಹಾಕುತ್ತದೆ. ಕೊನೆಯ ದೋಣಿಗೆ ಕಾಯಬೇಡಿ.

ಪ್ರಶ್ನೆ: ಆನೆಗುಂದಿ, ಸಾಣಾಪುರದ ಬಂಡೆಗಳನ್ನು ವರ್ಷವಿಡೀ ಹತ್ತುವ ಹುಡುಗರು ನಾವು. ಸೇಂಟ್ ಮೇರೀಸ್ ಕಲ್ಲುಗಳಿಗೆ ಬೇರೆ ತಯಾರಿ ಬೇಕೇ?
— ಓದುಗರು, ಗಂಗಾವತಿ

ಬೇಕು. ನಿಮ್ಮ ಅಭ್ಯಾಸವೇ ಅಲ್ಲಿ ಕೈಕೊಡುವ ಸಂಭವವಿದೆ.

ಆನೆಗುಂದಿಯ ಗ್ರಾನೈಟು ನೆಲದಾಳದಲ್ಲಿ ನಿಧಾನವಾಗಿ ತಣಿದದ್ದು, ವಯಸ್ಸು 250 ಕೋಟಿ ವರ್ಷಕ್ಕೂ ಮೇಲೆ. ನಿಧಾನವಾಗಿ ತಣಿದದ್ದರಿಂದ ಹರಳು ದಪ್ಪ, ಮೈ ಒರಟು. ಒಣಗಿದ್ದಾಗ ಬರಿಗಾಲೂ ಹಿಡಿಯುತ್ತದೆ. ಸೇಂಟ್ ಮೇರೀಸ್ ಕಲ್ಲು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ, ನೆಲದ ಮೇಲೆ ಹರಿದ ಲಾವಾ. ಮೇಲ್ಮೈಯಲ್ಲಿ ಬೇಗ ತಣಿದು ಕುಗ್ಗಿತು, ಕುಗ್ಗಿದಾಗ ಸೀಳಿತು. ಕೆರೆಯ ಕೆಸರು ಒಣಗಿದಾಗ ಬಿಡುವ ಬಿರುಕಿನ ಹಾಗೆಯೇ, ಆದರೆ ಆಳದವರೆಗೆ. ಹಾಗಾಗಿ ಐದಾರು ಮುಖದ ಕಂಬಗಳು ಜೋಡಿಸಿಟ್ಟಂತೆ ನಿಂತಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಂಬದ ತಲೆ ನುಣುಪು, ಅಂಚು ಚೂಪು, ಎರಡು ಕಂಬದ ನಡುವೆ ಪಾದ ಸಿಕ್ಕಿಕೊಳ್ಳುವಷ್ಟು ಸಂದು.

ದಂಡೆಯ ಬಂಡೆಯನ್ನು ಬಣ್ಣ ನೋಡಿ ಓದಿ. ಮೇಲ್ಗಡೆ ಬೂದು ಬಣ್ಣದ್ದು ಒಣಕಲ್ಲು, ನಡೆಯಿರಿ. ಅದರ ಕೆಳಗಿನ ಕಪ್ಪು ಪಟ್ಟಿ ಪಾಚಿ ಹಿಡಿದದ್ದು. ಒಣಗಿದಂತೆ ಕಂಡರೂ ನೀರು ಸೋಕಿದೊಡನೆ ಸೋಪಿನಂತೆ ಜಾರುತ್ತದೆ. ಬೀಳುವವರು ಬಹುತೇಕ ಇಲ್ಲೇ ಬೀಳುತ್ತಾರೆ. ಅದಕ್ಕೂ ಕೆಳಗೆ ಬಿಳಿ ಚುಕ್ಕೆಯ ಒರಟು ಪಟ್ಟಿ, ಅದು ಕಲ್ಲಿಗೆ ಅಂಟಿ ಬದುಕುವ ಚಿಪ್ಪುಜೀವಿಗಳದ್ದು. ಕಾಲು ಜಾರುವುದಿಲ್ಲ, ಆದರೆ ಅಂಗೈ ಊರಿದರೆ ಬ್ಲೇಡಿನಂತೆ ಕೊಯ್ಯುತ್ತದೆ.

ಒಂದು ಬಂಡೆಯಿಂದ ಇನ್ನೊಂದಕ್ಕೆ ನೆಗೆಯುವುದನ್ನು ಊರಿನಲ್ಲೇ ಬಿಟ್ಟು ಹೋಗಿ. ಪಾದ ಪೂರ್ತಿ ಊರಿ, ಒಂದು ಕಾಲು ನಿಂತ ಮೇಲೆ ಇನ್ನೊಂದನ್ನು ಎತ್ತಿ. ಮೆತ್ತನೆಯ ರಬ್ಬರ್ ಅಟ್ಟೆಯ, ಲೇಸ್ ಇರುವ ಕ್ಯಾನ್ವಾಸ್ ಬೂಟು ಸಾಕು. ಗಟ್ಟಿ ಪ್ಲಾಸ್ಟಿಕ್ ಚಪ್ಪಲಿ ಕಪ್ಪು ಪಟ್ಟಿಯ ಮೇಲೆ ಒಂದು ಹೆಜ್ಜೆಯೂ ನಿಲ್ಲುವುದಿಲ್ಲ. ಚಿಪ್ಪಿನಿಂದ ಗಾಯವಾದರೆ ಕುಡಿಯುವ ನೀರು, ಸೋಪಿನಲ್ಲಿ ಚೆನ್ನಾಗಿ ತೊಳೆಯಿರಿ. ಕಡಲ ನೀರಿನ ಗಾಯ ಬೇಗ ಕೀವಾಗುತ್ತದೆ. ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷವಾಯಿತು ಎಂದು ಹೊರಡುವ ಮುನ್ನವೇ ನೋಡಿಕೊಳ್ಳಿ.

ಪ್ರಶ್ನೆ: ಬಳ್ಳಾರಿ ಬಿಸಿಲು ಕಂಡವರಿಗೆ ಕರಾವಳಿಯ 33 ಡಿಗ್ರಿ ಏನು ಲೆಕ್ಕ? ಒಬ್ಬರಿಗೆ ಒಂದು ಲೀಟರ್ ನೀರು ಸಾಕಲ್ಲವೇ?
— ಓದುಗರು, ಬಳ್ಳಾರಿ

ಸಾಲದು. ಬಳ್ಳಾರಿಯ 40 ಡಿಗ್ರಿ ಒಣಬಿಸಿಲು. ಬೆವರು ಬಂದ ಕೂಡಲೇ ಆರುತ್ತದೆ, ಆರುವಾಗ ಮೈಯ ಬಿಸಿಯನ್ನು ಒಯ್ಯುತ್ತದೆ. ಕರಾವಳಿಯಲ್ಲಿ ಗಾಳಿಯೇ ಹಸಿ. ಬೆವರು ಆರದೆ ಇಳಿದು ಹೋಗುತ್ತದೆ, ಮೈ ತಣಿಯುವುದಿಲ್ಲ, ಉಪ್ಪು ಮಾತ್ರ ಕಳೆಯುತ್ತದೆ. ಅರ್ಧ ದಿನದ ನಡಿಗೆಗೆ ತಲೆಗೆ ಮೂರು ಲೀಟರ್ ಹಿಡಿಯಿರಿ. ದ್ವೀಪದಲ್ಲಿ ಸಿಗುತ್ತದೆ ಎಂದು ನಂಬಬೇಡಿ. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ತಲೆಸುತ್ತು, ವಾಂತಿ, ಮಾತಿನಲ್ಲಿ ಗೊಂದಲ ಕಂಡರೆ ನಡಿಗೆ ಅಲ್ಲಿಗೇ ನಿಲ್ಲಿಸಿ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ನೀರು ಚಿಮುಕಿಸಿ ಗಾಳಿ ಹಾಕಿ. ಗೊಂದಲ ಇದ್ದವರಿಗೆ ಬಾಯಿಗೆ ನೀರು ಹೊಯ್ಯದೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಕೃಷ್ಣಾ ದಂಡೆಯವರು ನಾವು, ಮೊಸಳೆ ಹೊಸದಲ್ಲ. ಕಡಲ ಹತ್ತಿರದ ದ್ವೀಪದಲ್ಲೂ ಮೊಸಳೆ, ನೀರುನಾಯಿ ಇರುತ್ತವೆಯೇ? ಉಪ್ಪು ನೀರಿನಲ್ಲಿ ಹೇಗೆ ಬದುಕುತ್ತವೆ?
— ಓದುಗರು, ರಾಯಚೂರು

ಇರುತ್ತವೆ. ಚೋರಾವ್ ಹತ್ತಿರ ಮಾಂಡೋವಿ, ಝುವಾರಿ ನದಿಗಳನ್ನು ಕೂಡಿಸುವ ಕುಂಬಾರ್ಜುವಾ ಕಾಲುವೆಯಲ್ಲಿರುವುದು ನಿಮ್ಮ ಕೃಷ್ಣೆಯದೇ ಜಾತಿಯ ಮೊಸಳೆ. ಅದು ಸಿಹಿನೀರಿನ ಪ್ರಾಣಿಯಾದರೂ ನದಿ-ಕಡಲು ಬೆರೆಯುವ ಚಪ್ಪೆ ಉಪ್ಪಿನ ನೀರನ್ನು ತಾಳಿಕೊಳ್ಳುತ್ತದೆ. ಇಳಿತದ ಹೊತ್ತಿಗೆ ಕೆಸರು ದಂಡೆಯ ಮೇಲೆ ಬಿಸಿಲು ಕಾಯಲು ಮಲಗಿರುವುದರಿಂದ ನೋಡಲು ಸಿಗುವುದು ಆಗಲೇ. ಕೃಷ್ಣೆಯಲ್ಲಿ ಪಾಲಿಸುವ ನಿಯಮವೇ ಇಲ್ಲಿಯೂ: ದೋಣಿಯಿಂದ ಕೈ ನೀರಿಗೆ ಬಿಡಬೇಡಿ, ಕೆಸರಿನ ಅಂಚಿನಲ್ಲಿ ಕೂರಬೇಡಿ.

ನೀರುನಾಯಿಯೂ ಹಾಗೆಯೇ. ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರೆಯ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಲ್ಲಿಯ ನುಣುಪು ತುಪ್ಪಳದ ಜಾತಿಯೇ ಚೋರಾವ್‌ನ ಕಾಂಡ್ಲಾದಲ್ಲೂ ಇದೆ. ಉಪ್ಪು ಕೂತರೆ ತುಪ್ಪಳ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ, ಆದ್ದರಿಂದ ಅದಕ್ಕೆ ಮೈ ತೊಳೆಯಲು ಸಿಹಿನೀರಿನ ಹೊಂಡವೋ ತೊರೆಯೋ ಹತ್ತಿರ ಬೇಕೇ ಬೇಕು. ಪ್ರಾಣಿ ಕಾಣದಿದ್ದರೆ ಗುರುತು ಹುಡುಕಿ: ಎತ್ತರದ ಒಡ್ಡಿನ ಮೇಲೆ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಹಾಕಿದ ಹಿಕ್ಕೆ, ಅದರಲ್ಲಿ ಮೀನಿನ ಹುರುಪೆ, ಏಡಿಯ ಚಿಪ್ಪಿನ ಚೂರು, ಜೊತೆಗೆ ಗಾಢ ಮೀನುವಾಸನೆ. ಹೊತ್ತು ಮೂಡಿದ ಮೇಲಿನ ಮೊದಲ ಎರಡು ಗಂಟೆ ಒಳ್ಳೆಯದು.

ಪ್ರಶ್ನೆ: ನಮ್ಮ ಶಾಲೆಯ 45 ಮಕ್ಕಳನ್ನು ದ್ವೀಪಕ್ಕೆ ಕರೆದೊಯ್ಯುವ ಆಸೆ. ಹೇಗೆ ಯೋಜಿಸಬೇಕು?
— ಶಿಕ್ಷಕಿ, ಕುಷ್ಟಗಿ

ಟೀಚರ್, ಮಕ್ಕಳು ಐದನೇ ತರಗತಿಯ ಕೆಳಗಿನವರಾದರೆ ದ್ವೀಪ ಬೇಡವೇ ಬೇಡ. ಹೊನ್ನಾವರದ ಶರಾವತಿ ಕಾಂಡ್ಲಾವನದಲ್ಲಿ ನೀರಿನ ಮೇಲೆ ಕಟ್ಟಿದ ನಡೆದಾರಿ ಇದೆ. ಮಕ್ಕಳು ಕೆಸರಿಗಿಳಿಯದೆ ದ್ವೀಪಕ್ಕಿಂತ ಹೆಚ್ಚು ಜೀವಿಗಳನ್ನು ಹತ್ತಿರದಿಂದ ನೋಡುತ್ತಾರೆ. ಇಳಿತಕ್ಕೆ ಎರಡು ಗಂಟೆ ಮುಂಚೆಯಿಂದ ಎರಡು ಗಂಟೆ ಆಮೇಲಿನವರೆಗೆ ಹೋಗಿ. ಉಬ್ಬರದಲ್ಲಿ ಹೋದರೆ ಬರೀ ನೀರು, ಮೇಲೆ ಎಲೆ, ಮಕ್ಕಳಿಗೆ ಬೇಸರವಾಗುತ್ತದೆ.

ಅಲ್ಲಿ ಮೂರನ್ನು ಹುಡುಕಲು ಹೇಳಿ. ಒಂದು, ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಮೇಲೆದ್ದ ಉಸಿರು ಬೇರು: ಕೆಸರಿನೊಳಗೆ ಗಾಳಿಯಿಲ್ಲ, ಅದಕ್ಕೇ ಬೇರು ಮೂಗನ್ನು ಮೇಲಕ್ಕೆತ್ತಿದೆ. ಎರಡು, ಮರದಲ್ಲೇ ಮೊಳಕೆಯೊಡೆದು ನುಗ್ಗೆಕಾಯಿಯಂತೆ ತೂಗುವ ಬೀಜ: ನೆಲಕ್ಕೆ ಬಿದ್ದ ಬೀಜವನ್ನು ಉಬ್ಬರ ಒಯ್ದುಬಿಡುವುದರಿಂದ ಕೆಲವು ಕಾಂಡ್ಲಾ ಜಾತಿಗಳು ಸಸಿಯನ್ನೇ ಕೆಳಗಿಳಿಸುತ್ತವೆ. ಮೂರು, ರೆಕ್ಕೆಯನ್ನು ಕಾಲಿನಂತೆ ಊರಿ ಕೆಸರ ಮೇಲೆ ಕುಪ್ಪಳಿಸುವ ಮೀನು, ಪಕ್ಕದಲ್ಲೇ ಒಂದು ಕೊಂಡಿ ಮಾತ್ರ ದೊಡ್ಡದಿರುವ ಗಂಡು ಏಡಿ. ಎಲ್ಲರೂ ಐದು ನಿಮಿಷ ಅಲುಗಾಡದೆ ನಿಂತರೆ ಬಿಲ ಸೇರಿದ ಏಡಿಗಳು ಹೊರಬರುತ್ತವೆ. ಈ ಐದು ನಿಮಿಷವನ್ನು ಮಕ್ಕಳು ಮರೆಯುವುದಿಲ್ಲ.

ಹೈಸ್ಕೂಲಿನ ಮಕ್ಕಳಾದರೆ ಮಲ್ಪೆಯ ದ್ವೀಪಕ್ಕೆ ಹೋಗಬಹುದು. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು. ಅಂದರೆ ನಿಮಗೆ ಆರು ಮಂದಿ ಬೇಕು. ಇಬ್ಬರು ಶಿಕ್ಷಕರಿಂದ ಆಗುವ ಕೆಲಸವಲ್ಲ. ಪ್ರತಿ ಮಗುವಿಗೂ ಅಂಕಿ ಕೊಡಿ, ಹೆಸರು ಕರೆಯುವುದಕ್ಕಿಂತ ಅಂಕಿ ಹೇಳಿಸುವುದು ವೇಗ. ಎಣಿಕೆ ನಾಲ್ಕು ಕಡೆ: ದೋಣಿ ಹತ್ತುವ ಮುನ್ನ, ದ್ವೀಪದಲ್ಲಿ ಇಳಿದ ಮೇಲೆ, ಮರಳಿ ಹತ್ತುವ ಮುನ್ನ, ದಡಕ್ಕೆ ಬಂದ ಮೇಲೆ. ದೊಡ್ಡವರ ಲೈಫ್ ಜಾಕೆಟ್ ಮಗುವಿಗೆ ಹಾಕಿದರೆ ನೀರಿನಲ್ಲಿ ಅದು ಮೇಲೇರಿ ಮಗು ಕೆಳಗೆ ಜಾರುತ್ತದೆ. ಪಟ್ಟಿ ಎಲ್ಲ ಬಿಗಿದ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಿ: ಜಾಕೆಟ್ ಕಿವಿಯ ಮಟ್ಟಕ್ಕೆ ಬಂದರೆ ಅಳತೆ ದೊಡ್ಡದು, ಬದಲಿಸಿ ಕೇಳಿ. ದ್ವೀಪದಲ್ಲಿ ನೀರಿಗಿಳಿಯುವುದು ಪೂರ್ತಿ ನಿಷೇಧ ಎಂದು ಪೋಷಕರಿಗೆ ಬರೆಯುವ ಪತ್ರದಲ್ಲೇ ಹಾಕಿ.

ಮಳೆಗಾಲದಲ್ಲಿ ಈ ದೋಣಿಗಳು ನಿಲ್ಲುತ್ತವೆ. ಡಿಸೆಂಬರಿನಿಂದ ಫೆಬ್ರವರಿ ನಿಮಗೆ ಸರಿಯಾದ ಕಾಲ.

ಪ್ರಶ್ನೆ: ಕಡಲ ಹದ್ದಿನ ಫೋಟೊ ತೆಗೆಯಬೇಕು. ಯಾವ ಕಾಲ, ಯಾವ ದುರ್ಬೀನು? ಡ್ರೋನ್ ತರಬಹುದೇ?
— ಓದುಗರು, ಸಂಡೂರು

ಡ್ರೋನ್ ಬೇಡ. ಬಿಳಿ ಹೊಟ್ಟೆಯ ಕಡಲ ಹದ್ದು ಚಳಿಗಾಲದಲ್ಲಿ ಗೂಡು ಕಟ್ಟುತ್ತದೆ. ಮೇಲಿನಿಂದ ಬರುವ ಏನನ್ನೇ ಆಗಲಿ ಶತ್ರು ಎಂದೇ ತಿಳಿಯುತ್ತದೆ. ತಾಯಿ ಎದ್ದು ಹೋದ ಅರ್ಧ ಗಂಟೆಯಲ್ಲಿ ಬಿಸಿಲಿಗೆ ಮೊಟ್ಟೆ ಕೆಡಬಹುದು, ಕಾಗೆ ಮರಿಯನ್ನು ಎತ್ತಬಹುದು. ಗೂಡಿನ ಮರ ಕಂಡರೆ ಇನ್ನೂರು ಮೀಟರ್ ಆಚೆಯೇ ನಿಲ್ಲಿ. ಹಕ್ಕಿ ಕೂಗಲು ತೊಡಗಿತೆಂದರೆ ನೀವು ಆಗಲೇ ಹತ್ತಿರ ಬಂದಿದ್ದೀರಿ.

ಗುರುತು: ತಲೆ, ಹೊಟ್ಟೆ ಬಿಳಿ, ಬೆನ್ನು ಬೂದು, ಬಾಲ ಗಿಡ್ಡ, ತೇಲುವಾಗ ರೆಕ್ಕೆ ಮೇಲಕ್ಕೆ ಬಾಗಿ ಅಗಲ ವಿ ಆಕಾರ. ನಮ್ಮ ಕೆರೆಗಳಲ್ಲೂ ಕಾಣುವ ಗರುಡನ ಮೈ ಇಟ್ಟಿಗೆ ಬಣ್ಣ, ತಲೆ ಮತ್ತು ಎದೆ ಮಾತ್ರ ಬಿಳಿ. ದೋಣಿಯಲ್ಲಿ 8x42 ದುರ್ಬೀನು (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಗಾಜಿನದು) ಸಾಕು. 10x ಹಿಡಿದರೆ ಹಕ್ಕಿಗಿಂತ ಹೆಚ್ಚು ಕೈಯೇ ನಡುಗುತ್ತದೆ. ದಂಡೆಯ ವಲಸೆ ಹಕ್ಕಿಗಳಿಗೆ ನವೆಂಬರಿನಿಂದ ಮಾರ್ಚ್. ಇಳಿತದಲ್ಲಿ ಅವು ಕೆಸರಿನ ಮೇಲೆ ಚದುರಿ ಮೇಯುತ್ತವೆ, ಉಬ್ಬರದಲ್ಲಿ ಬಂಡೆಯ ಮೇಲೆ ಗುಂಪಾಗಿ ಕೂರುತ್ತವೆ. ಎಣಿಸಲು ಉಬ್ಬರ, ನಡವಳಿಕೆ ನೋಡಲು ಇಳಿತ.

ಕಾಳಿ ನದಿ ಕಡಲು ಸೇರುವ ಅಳಿವೆಯ ಹತ್ತಿರ ಗೂನುಬೆನ್ನಿನ ಡಾಲ್ಫಿನ್ ಕಾಣಿಸುವುದುಂಟು. ಕಂಡರೆ ಅಟ್ಟಿಸಿಕೊಂಡು ಹೋಗಲು ದೋಣಿಯವರನ್ನು ಒತ್ತಾಯಿಸಬೇಡಿ. ಎಂಜಿನ್ ತಗ್ಗಿಸಿ ನಿಂತರೆ ಎಷ್ಟೋ ಸಲ ಅವೇ ಹಾದು ಹೋಗುತ್ತವೆ. ಮರಳಿದ ಮೇಲೆ ಲೆನ್ಸ್, ಕ್ಯಾಮೆರಾ ಮೈಯನ್ನು ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅಂದೇ ಒರೆಸಿ. ಒಣಬಟ್ಟೆಯಲ್ಲಿ ಒರೆಸಿದರೆ ಉಪ್ಪಿನ ಹರಳು ಗಾಜನ್ನು ಗೀರುತ್ತದೆ.

ಪ್ರಶ್ನೆ: ಮನೆಗೆ ಶಂಖ, ಚಿಪ್ಪು, ಹವಳ ತರಬಹುದೇ?
— ಓದುಗರು, ಮಾನ್ವಿ

ಹವಳ ತರಲೇಬಾರದು; ಸತ್ತು ದಡಕ್ಕೆ ಬಿದ್ದದ್ದನ್ನೂ ಸಹ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ, ಕೆಲವು ಶಂಖಗಳಿಗೂ ಇದೆ. ಉಳಿದ ಖಾಲಿ ಚಿಪ್ಪು ಕೂಡ ಖಾಲಿಯಲ್ಲ: ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ, ಬೆಳೆದಂತೆ ದೊಡ್ಡ ಶಂಖ ಹುಡುಕಿ ಹೊಕ್ಕುತ್ತದೆ. ಫೋಟೊ ತೆಗೆದು ಅಲ್ಲೇ ಇಡಿ.

ಪ್ರಶ್ನೆ: ಕಡಲಲ್ಲಿ ಕಚ್ಚುವ, ಚುಚ್ಚುವ ಪ್ರಾಣಿಗಳಿಗೆ ಪ್ರಥಮ ಚಿಕಿತ್ಸೆ ಏನು?
— ಓದುಗರು, ಲಿಂಗಸುಗೂರು

ಹೆಚ್ಚಾಗಿ ಎದುರಾಗುವುದು ಜೆಲ್ಲಿ ಮೀನು. ಉರಿ ಬಂದ ಜಾಗವನ್ನು ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಎರಡರಿಂದಲೂ ಚರ್ಮಕ್ಕೆ ಅಂಟಿದ ವಿಷದ ಕೋಶಗಳು ಇನ್ನಷ್ಟು ಸಿಡಿಯುತ್ತವೆ. ಕಡಲ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆಯಿರಿ. ಆಮೇಲೆ ತಾಳಬಹುದಾದಷ್ಟು, ಸುಮಾರು 45 ಡಿಗ್ರಿಯ ಬಿಸಿನೀರಿನಲ್ಲಿ 20 ನಿಮಿಷ. ಉಸಿರಾಟಕ್ಕೆ ತೊಂದರೆಯಾದರೆ ಇದನ್ನೆಲ್ಲ ಬಿಟ್ಟು ಆಸ್ಪತ್ರೆ.

ತೊರಕೆ ಮೀನು ಮರಳಲ್ಲಿ ಹುದುಗಿರುತ್ತದೆ, ತುಳಿದರೆ ಬಾಲದ ಮುಳ್ಳು ಹೊಡೆಯುತ್ತದೆ. ಮೊಣಕಾಲು ನೀರಲ್ಲಿ ನಡೆಯುವಾಗ ಪಾದ ಎತ್ತಿ ಇಡದೆ ಮರಳಲ್ಲಿ ಎಳೆಯುತ್ತ ನಡೆದರೆ ಅದೇ ಸರಿದು ಹೋಗುತ್ತದೆ. ಚುಚ್ಚಿದರೆ ಅದೇ ಬಿಸಿನೀರು, ಬಳಿಕ ವೈದ್ಯರು. ಮುಳ್ಳಿನ ಚೂರು ಒಳಗೆ ಉಳಿದಿರಬಹುದು.

ದಡದಲ್ಲಿ ಬಿದ್ದ, ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಹಾವು ಕಡಲ ಹಾವು. ಸತ್ತಂತಿದ್ದರೂ ಮುಟ್ಟಬೇಡಿ. ಕಚ್ಚಿದಾಗ ನೋವೇ ಆಗದಿರಬಹುದು, ಕೆಲ ಗಂಟೆಗಳ ಮೇಲೆ ಮೈಕೈ ನೋವು, ರೆಪ್ಪೆ ಜೋತು ಬೀಳುವುದು ತೊಡಗುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಹಾವಿನ ವಿಷದ ಇಂಜೆಕ್ಷನ್ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ತಯಾರಾದದ್ದು, ಕಡಲ ಹಾವಿಗಲ್ಲ. ಆದ್ದರಿಂದ ಕೈಕಾಲು ಅಲುಗಾಡದಂತೆ ಪಟ್ಟಿ ಕಟ್ಟಿ, ಉಸಿರಾಟದ ಯಂತ್ರವಿರುವ ದೊಡ್ಡ ಆಸ್ಪತ್ರೆಗೇ ನೇರ ಹೋಗಬೇಕು.

ಪ್ರಶ್ನೆ: ಕಟಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದರ ನಡೀತದೇನ್ರೀ?
— ಓದುಗರು, ಯಲಬುರ್ಗಾ

ಅದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಆದರೆ ಕರಾವಳಿಯ ಹಸಿಗಾಳಿಗೆ ಕಟಕ್ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಚರ್ಮದಂತಾಗುತ್ತದೆ. ಬಟ್ಟೆಯಲ್ಲಿ ಕಟ್ಟದೆ ಗಾಳಿಯಾಡದ ಡಬ್ಬಿಯಲ್ಲಿಡಿ, ಒಂದು ದಿನಕ್ಕೆ ಬೇಕಾದಷ್ಟು ಬೇರೆ ಬೇರೆ ಡಬ್ಬಿ ಮಾಡಿ. ದೋಣಿ ಹತ್ತುವ ಬೆಳಿಗ್ಗೆ ಮಿರ್ಚಿ, ಒಗ್ಗರಣಿ ಬೇಡ. ಎಣ್ಣೆ-ಖಾರ ತಿಂದ ಹೊಟ್ಟೆ ಅಲೆಗೆ ಬೇಗ ತೊಳಸುತ್ತದೆ. ದೋಣಿಯ ನಡುಭಾಗದಲ್ಲಿ ಕೂತು ದೂರದ ಬಾನಂಚು ನೋಡಿ, ಮೊಬೈಲ್ ನೋಡಬೇಡಿ.

ಪ್ರಶ್ನೆ: ಹೋಗುವ ದಾರಿಯಲ್ಲೇ ಹಕ್ಕಿ ನೋಡುವ ಜಾಗ ಇದ್ದರೆ ತಿಳಿಸಿ.
— ಓದುಗರು, ಕಂಪ್ಲಿ

ನಿಮ್ಮ ದಾರಿಯೇ ಹಕ್ಕಿಗಳ ದಾರಿ. 2024ರ ಜನವರಿಯಲ್ಲಿ ಕರ್ನಾಟಕದ ಮೂರು ತಾಣಗಳು ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸರ್ ಪಟ್ಟಿಗೆ ಸೇರಿದವು: ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ, ಗದಗ ಜಿಲ್ಲೆಯ ಮಾಗಡಿ ಕೆರೆ, ಕುಮಟಾದ ಬಳಿಯ ಅಘನಾಶಿನಿ ಅಳಿವೆ. ಕಂಪ್ಲಿಯಿಂದ ಹೊರಟು ಕಡಲಿಗೆ ಹೋಗುವವರು ಸ್ವಲ್ಪ ಸುತ್ತಿದರೆ ಮೂರನ್ನೂ ನೋಡಬಹುದು. ಅಂಕಸಮುದ್ರದಲ್ಲಿ ನೀರಿನ ನಡುವಿನ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಗೂಡು. ಏರಿಯ ಮೇಲೆ ನಿಂತೇ ನೋಡಿ. ಗದಗದಿಂದ ಸುಮಾರು 26 ಕಿ.ಮೀ. ದೂರದ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬರುತ್ತವೆ. ಇವು ರಾತ್ರಿ ಮತ್ತು ನಸುಕಿನಲ್ಲಿ ಹೊಲಗಳಲ್ಲಿ ಮೇಯ್ದು, ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಕೆರೆಗೆ ಮರಳುತ್ತವೆ. ಕತ್ತಲಲ್ಲೇ ತಲುಪಿ ಖಾಲಿ ಕೆರೆ ಕಂಡು ಹೊರಟುಬಿಡಬೇಡಿ, ಒಂಬತ್ತು ಗಂಟೆಯವರೆಗೆ ಕಾಯಿರಿ. ಅಘನಾಶಿನಿಯಲ್ಲಿ ಮಾತ್ರ ಗಡಿಯಾರ ಬೇರೆ: ಬಳಚು (ಕೆಸರಿನಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ) ಆರಿಸುವವರು ಅಳಿವೆಗೆ ಇಳಿದಿದ್ದರೆ ನೀರು ಇಳಿದಿದೆ ಎಂದರ್ಥ, ಹಕ್ಕಿಗಳೂ ಅದೇ ಹೊತ್ತಿಗೆ ಅಲ್ಲಿರುತ್ತವೆ.